ಅರ್ಧಕ್ಕೆ ನಿಂತ ಆಟ

ನಿನ್ನೆ ರಾತ್ರಿ ಇಂಗ್ಲೆಂಡಿನ ಬರಹಗಾರ ಜಾನ್ ಬನ್ಯನ್‌ನ ಆತ್ಮಕಥೆ ಮತ್ತೆ ಓದಲು ಹಿಡಿದೆ. 1666ರ ಪುಸ್ತಕ. ಪಾತ್ರೆ ರಿಪೇರಿ ಮಾಡಿ ಬದುಕುತ್ತಿದ್ದ ಮನುಷ್ಯ. ಅನುಮತಿ ಇಲ್ಲದೆ ಧರ್ಮ ಬೋಧಿಸಿದ ಅಂತ ಬೆಡ್‌ಫರ್ಡ್ ಜೈಲಿಗೆ ಹಾಕಿದ್ದರು.

ಅದರಲ್ಲೊಂದು ಭಾನುವಾರ ಬರುತ್ತದೆ, ಆಟ ಆಡುವುದೇ ಪಾಪ ಅಂತ ಅಂಥವರು ನಂಬಿದ್ದ ದಿನ. ಬನ್ಯನ್ ನಮ್ಮ ಚಿನ್ನಿದಾಂಡಿನಂಥದೇ ಆಟ ಆಡುತ್ತಿದ್ದಾನೆ. ಕುಳಿಯಿಂದ ಒಂದು ಏಟು ಹೊಡೆದಾಯ್ತು. ಎರಡನೇ ಏಟು ಹೊಡೆಯಬೇಕು, ಅಷ್ಟರಲ್ಲಿ ಒಳಗೊಂದು ದನಿ: ಪಾಪ ಬಿಟ್ಟು ಸ್ವರ್ಗಕ್ಕೆ ಹೋಗ್ತೀಯಾ, ಪಾಪ ಇಟ್ಕೊಂಡು ನರಕಕ್ಕೆ ಹೋಗ್ತೀಯಾ? ಚಿನ್ನಿ ನೆಲದಲ್ಲೇ ಉಳಿಯಿತು. ಆಕಾಶ ನೋಡುತ್ತಾ ನಿಂತುಬಿಟ್ಟ. ನನ್ನನ್ನು ಜಾಸ್ತಿ ಕಾಡುವುದು ಮುಂದಿನ ಮಾತು. ಅವನು ತಕ್ಷಣ ಬದಲಾಗಲಿಲ್ಲ. ಹೇಗೂ ತಡವಾಯಿತು, ಇನ್ನು ಕ್ಷಮೆ ಸಿಗಲ್ಲ ಅಂದುಕೊಂಡು ಮತ್ತೆ ಆಟಕ್ಕೇ ಇಳಿದ!

ಪ್ಯೂರಿಟನ್ನರ, ಅಂದರೆ ಬನ್ಯನ್‌ನಂಥ ಕಟ್ಟುನಿಟ್ಟಿನ ಇಂಗ್ಲಿಷ್ ಪ್ರೊಟೆಸ್ಟೆಂಟರ, ಮನಪರಿವರ್ತನೆ ಬಹಳ ಸಲ ಹೀಗೇ, ವರ್ಷಗಟ್ಟಲೆ ಜಗ್ಗಾಟ. ದೇವರು ನನ್ನನ್ನು ಸ್ವರ್ಗಕ್ಕೆ ಆರಿಸಿದ್ದಾನಾ ಅಂತ ತಿಳಿಯಲು ಮನಸ್ಸಿನ ಸಣ್ಣ ಅಲುಗಾಟವನ್ನೂ ಗಮನಿಸಬೇಕಿತ್ತು. ಎಷ್ಟೋ ಜನ ಅದಕ್ಕೆಂದೇ ಡೈರಿ ಬರೆದರು. ಅವರು ವಲಸೆ ಹೋಗಿ ನೆಲೆಸಿದ ಅಮೆರಿಕದ ನ್ಯೂ ಇಂಗ್ಲೆಂಡಿನ ಚರ್ಚುಗಳಲ್ಲಿ 1630ರ ದಶಕದಿಂದ ಸದಸ್ಯರಾಗಬೇಕಾದರೆ ಈ ಒಳಗಿನ ಕಥೆ ಹೇಳಬೇಕಿತ್ತು. ಮನೆಕೆಲಸದ ಹೆಂಗಸರೂ ಹೇಳಿದರು. ಒಬ್ಬ ಸಾಮಾನ್ಯ ಮನುಷ್ಯನ ಮನಸ್ಸು ಇಷ್ಟು ಹತ್ತಿರದಿಂದ ನೋಡಲು ಯೋಗ್ಯ ಅನ್ನುವ ನಂಬಿಕೆ ಕಾದಂಬರಿಗೆ ಬಂದದ್ದರಲ್ಲಿ ಇವರ ಪಾಲು ದೊಡ್ಡದು ಅಂತ ನನಗನಿಸುತ್ತದೆ.

1719ರ ರಾಬಿನ್ಸನ್ ಕ್ರೂಸೋ ನೋಡಿ. ದ್ವೀಪದಲ್ಲಿ ಜ್ವರ ಹಿಡಿದು, ಔಷಧಿಗೆಂದು ತಂಬಾಕು ಹುಡುಕಲು ಪೆಟ್ಟಿಗೆ ತೆರೆದರೆ ಜೊತೆಗೆ ಬೈಬಲ್ ಸಿಗುತ್ತದೆ. ಚಿಕ್ಕಂದಿನಲ್ಲಿ ನಾವು ಓದಿದ್ದು ಬರೀ ಸಾಹಸದ ಕಥೆ, ಅಲ್ವಾ? ಇವತ್ತು ರಾತ್ರಿ ಆ ಜ್ವರದ ಪುಟಗಳನ್ನು ಮತ್ತೆ ಓದಬೇಕು.