ಪ್ರೊಟೀನ್ ಸಿ ರಿಪೋರ್ಟ್ ಓದುವ ಮುನ್ನ ತಾರೀಖು ನೋಡಿ

ಕಾಲಿನ ಸಿರೆಯಲ್ಲಿ ಹೆಪ್ಪುಗಟ್ಟಿ ಆಸ್ಪತ್ರೆ ಸೇರಿದ ಮೂರನೇ ದಿನವೇ ಥ್ರಾಂಬೊಫಿಲಿಯಾ ಪ್ಯಾನೆಲ್‌ಗೆ (ಹೆಪ್ಪುಗಟ್ಟುವ ಪ್ರವೃತ್ತಿ ಹುಡುಕುವ ಪರೀಕ್ಷೆಗಳ ಗುಂಪು) ರಕ್ತ ಹೋಗಿರುತ್ತದೆ. ಹೆಪ್ಪಿಗೆ ಕಡಿವಾಣ ಹಾಕುವ ಪ್ರೊಟೀನ್ ಸಿ, ಪ್ರೊಟೀನ್ ಎಸ್ ಎರಡೂ ಕಡಿಮೆ ಎಂದು ರಿಪೋರ್ಟ್ ಬಂದರೆ ಮನೆಮಂದಿಗೆಲ್ಲ ‘ವಂಶದ ಕಾಯಿಲೆ’ಯ ಭಯ. ಎರಡೂ ಒಟ್ಟಿಗೆ ಇಳಿದಿದ್ದರೆ ನಾನು ಮೊದಲು ಅನುಮಾನಿಸುವುದು ವಂಶವನ್ನಲ್ಲ, ಹೆಪ್ಪು ತಡೆಯಲು ಕೊಟ್ಟ ಮಾತ್ರೆಯನ್ನು.

ಹೆಪ್ಪುಗಟ್ಟಿಸುವ ಕಿಣ್ವವಾದ ಥ್ರಾಂಬಿನ್ ರಕ್ತನಾಳದ ಒಳಗೋಡೆಯ ಥ್ರಾಂಬೊಮಾಡ್ಯುಲಿನ್ ಎಂಬ ಪ್ರೊಟೀನಿಗೆ ಅಂಟಿಕೊಂಡಾಗ ಪ್ರೊಟೀನ್ ಸಿ ಚುರುಕಾಗುತ್ತದೆ. ಅದು ಪ್ರೊಟೀನ್ ಎಸ್‌ನ ನೆರವಿನಿಂದ ಹೆಪ್ಪುಗಟ್ಟಿಸಲು ಚುರುಕಾದ ಫ್ಯಾಕ್ಟರ್ 5 ಮತ್ತು 8 ಎಂಬ ಪ್ರೊಟೀನುಗಳನ್ನು ಕತ್ತರಿಸಿ ಹಾಕುತ್ತದೆ. ಹೆಪ್ಪು ಗಾಯದಾಚೆ ಬೆಳೆಯದಂತೆ ತಡೆಯುವುದು ಹೀಗೆ. ಈ ಎರಡನ್ನೂ ತಯಾರಿಸಲು ಲಿವರ್‌ಗೆ ವಿಟಮಿನ್ ಕೆ ಬೇಕು. ಹೆಪ್ಪು ತಡೆಯುವ ಮಾತ್ರೆಗಳಾದ ವಾರ್ಫರಿನ್, ಅಸಿಟ್ರೊಂ ತಡೆಯುವುದು ವಿಟಮಿನ್ ಕೆಯ ಕೆಲಸವನ್ನೇ. ಅಂದಮೇಲೆ ಮಾತ್ರೆ ನುಂಗುತ್ತಿರುವವರಲ್ಲಿ ಎರಡೂ ಇಳಿಯದೆ ಇನ್ನೇನಾದೀತು? ಹೊಸ ಹೆಪ್ಪು ಕೂಡ ಇವನ್ನು ಖರ್ಚು ಮಾಡಿರುತ್ತದೆ. ಹೆಪ್ಪು ತಡೆಯುವ ಇಂಜೆಕ್ಷನ್ ಹೆಪಾರಿನ್, ಇದೇ ಪ್ಯಾನೆಲ್‌ನಲ್ಲಿ ಅಳೆಯುವ ಇನ್ನೊಂದು ರಕ್ಷಕ ಪ್ರೊಟೀನಾದ ಆಂಟಿಥ್ರಾಂಬಿನ್ನನ್ನು ಇಳಿಸುತ್ತದೆ. ಗರ್ಭಿಣಿಯರಲ್ಲಿ ಪ್ರೊಟೀನ್ ಎಸ್ ಸಹಜವಾಗಿಯೇ ಕಡಿಮೆ.

ಹೆಪ್ಪು ತಡೆಯುವ ಬೇರೆ ಬಗೆಯ ಮಾತ್ರೆಗಳಾದ ರಿವರಾಕ್ಸಬಾನ್, ಅಪಿಕ್ಸಬಾನ್ ಮಾಡುವ ಮೋಸ ಇದಕ್ಕೆ ಉಲ್ಟಾ. ಹೆಪ್ಪುಗಟ್ಟುವ ಸಮಯವನ್ನು ಅಳೆಯುವ ಪರೀಕ್ಷೆಗಳಲ್ಲಿ ಇವು ಅಂಕಿಯನ್ನು ಸುಳ್ಳಾಗಿ ಏರಿಸಿ, ನಿಜವಾದ ಕೊರತೆಯನ್ನು ಮುಚ್ಚಿಡಬಲ್ಲವು. ಹಾಗಾಗಿ ಹೆಪ್ಪಿಗೆ ಮೂರು ತಿಂಗಳಾದರೂ ಚಿಕಿತ್ಸೆ ಮುಗಿದ ಮೇಲೆ, ವಾರ್ಫರಿನ್ ಬಿಟ್ಟು ಕನಿಷ್ಠ 2 ವಾರ, ಪ್ರೊಟೀನ್ ಎಸ್‌ಗಾದರೆ 4ರಿಂದ 6 ವಾರ ಕಳೆದು ರಕ್ತ ಕೊಡಬೇಕು. ಮಾತ್ರೆ ಬಿಡುವ ತೀರ್ಮಾನ ವೈದ್ಯರದ್ದು, ಪರೀಕ್ಷೆಯ ಆಸೆಗೆ ನೀವೇ ನಿಲ್ಲಿಸುವಂಥದ್ದಲ್ಲ. ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ಪರೀಕ್ಷೆ. ಒಂದೇ ರಿಪೋರ್ಟಿನಿಂದ ಜೀವನಪೂರ್ತಿ ಹಣೆಪಟ್ಟಿ ಬೇಡ.

ಯಾವ ಪರೀಕ್ಷೆ ಎಂಬುದೂ ಮುಖ್ಯ. ಮೊದಲ ಬಗೆಯ ಕೊರತೆಯಲ್ಲಿ ಪ್ರೊಟೀನಿನ ಪ್ರಮಾಣವೇ ಕಡಿಮೆ. ಎರಡನೇ ಬಗೆಯಲ್ಲಿ ಪ್ರಮಾಣ ಸರಿಯಿದ್ದರೂ ಪ್ರೊಟೀನ್ ದೋಷಪೂರಿತ, ಕೆಲಸ ಮಾಡದು. ಬರೀ ‘ಆಂಟಿಜೆನ್’ (ಪ್ರಮಾಣ) ಅಳೆದರೆ ಇಂಥವರ ರಿಪೋರ್ಟ್ ನಾರ್ಮಲ್! ಪ್ರೊಟೀನ್ ಸಿ ಮತ್ತು ಆಂಟಿಥ್ರಾಂಬಿನ್‌ಗೆ ‘ಆಕ್ಟಿವಿಟಿ’ (ಎಷ್ಟು ಕೆಲಸ ಮಾಡುತ್ತದೆ ಎಂಬ) ಪರೀಕ್ಷೆಯಿಂದಲೇ ಶುರು ಮಾಡಬೇಕು. ಪ್ರೊಟೀನ್ ಎಸ್‌ನಲ್ಲಿ ಸುಮಾರು ಶೇ 60 ಭಾಗ ಇನ್ನೊಂದು ಪ್ರೊಟೀನಿಗೆ ಅಂಟಿಕೊಂಡಿರುವುದರಿಂದ ಅಲ್ಲಿ ಅಂಟಿಕೊಳ್ಳದೆ ಉಳಿದ ‘ಫ್ರೀ’ ಪ್ರೊಟೀನ್ ಎಸ್ ನೋಡುವುದು ವಾಸಿ.

ರಕ್ತ ತೆಗೆಯುವಾಗಲೇ ಕೆಡುವುದೂ ಉಂಟು. ನೀಲಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ 0.3 ಮಿ.ಲೀ. ಇದ್ದರೆ 2.7 ಮಿ.ಲೀ. ರಕ್ತ ಗುರುತಿನ ತನಕ ತುಂಬಲೇಬೇಕು. ನರ ಸಿಗಲಿಲ್ಲವೆಂದು ಅರ್ಧ ಟ್ಯೂಬಿಗೆ ಬಿಟ್ಟರೆ ಸಿಟ್ರೇಟ್ ಹೆಚ್ಚಾಗಿ ಫಲಿತಾಂಶ ಕೆಡುತ್ತದೆ. ದೂರದ ಲ್ಯಾಬಿಗೆ ಕಳಿಸುವುದಾದರೆ ಕೆಲವೇ ಗಂಟೆಗಳಲ್ಲಿ ಎರಡು ಬಾರಿ ಸೆಂಟ್ರಿಫ್ಯೂಜ್ ಮಾಡಿ, ಪ್ಲಾಸ್ಮಾವನ್ನು ಫ್ರೀಜ್ ಮಾಡಿಯೇ ಕಳಿಸಬೇಕು.

ಕೊರತೆ ಇರುವುದು ಖಚಿತವಾದರೆ ವಾರ್ಫರಿನ್ ಶುರು ಮಾಡುವ ದಿನಗಳೇ ನಾಜೂಕು. ಪ್ರೊಟೀನ್ ಸಿ ಅರ್ಧಕ್ಕಿಳಿಯಲು ಸುಮಾರು 8 ಗಂಟೆ ಸಾಕು, ಹೆಪ್ಪುಗಟ್ಟಿಸುವ ಪ್ರೋಥ್ರಾಂಬಿನ್‌ಗೆ ಎರಡು ಮೂರು ದಿನ ಬೇಕು. ಆ ನಡುವೆ ರಕ್ತ ಇನ್ನಷ್ಟು ಹೆಪ್ಪುಗಟ್ಟುವತ್ತಲೇ ವಾಲುತ್ತದೆ. ಸಾಮಾನ್ಯವಾಗಿ 3ರಿಂದ 6ನೇ ದಿನದೊಳಗೆ ತೊಡೆ, ಪೃಷ್ಠ, ಸ್ತನದ ಚರ್ಮ ನೋಯುತ್ತಾ ಕೆಂಪಾಗಿ, ಆಮೇಲೆ ಕಪ್ಪಾಗುವುದು ಇದರಿಂದಲೇ. ಅಪರೂಪ, ಆದರೆ ಭೀಕರ. ಆದ್ದರಿಂದ ದೊಡ್ಡ ಡೋಸಿನಿಂದ ಶುರು ಮಾಡಬಾರದು; ಹೆಪಾರಿನ್ ಇಂಜೆಕ್ಷನ್ ಕನಿಷ್ಠ 5 ದಿನ, ಐಎನ್‌ಆರ್ (ವಾರ್ಫರಿನ್ ಪರಿಣಾಮ ಅಳೆಯುವ ರಕ್ತಪರೀಕ್ಷೆಯ ಅಂಕಿ) 2 ದಾಟಿ 24 ಗಂಟೆಯಾಗುವ ತನಕ ಜೊತೆಗೇ ನಡೆಯಬೇಕು. ನಾಲ್ಕನೇ ದಿನ ‘ಐಎನ್‌ಆರ್ ಬಂತಲ್ಲ’ ಎಂದು ಇಂಜೆಕ್ಷನ್ ನಿಲ್ಲಿಸುವುದು ಅವಸರ. ಮೊದಲು ಏರುವ ಐಎನ್‌ಆರ್ ಬೇಗ ಇಳಿಯುವ, ಹೆಪ್ಪುಗಟ್ಟಿಸುವ ಫ್ಯಾಕ್ಟರ್ 7ರ ಲೆಕ್ಕ, ರಕ್ಷಣೆಯ ಲೆಕ್ಕವಲ್ಲ.

ಅಪ್ಪ ಅಥವಾ ಅಮ್ಮನಲ್ಲಿ ಒಂದು ದೋಷಪೂರಿತ ಜೀನ್ ಇದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇ 50. ಬಂದವರಿಗೆಲ್ಲ ಹೆಪ್ಪು ಕಟ್ಟುವುದಿಲ್ಲ. ಆದರೆ ಅಂಥ ಮನೆಯ ಹೆಣ್ಣುಮಕ್ಕಳು ಹಬ್ಬಕ್ಕೋ ಮದುವೆಗೋ ಮುಟ್ಟು ಮುಂದೂಡಲು ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಮಾತ್ರೆ ನುಂಗಬಾರದು. ನೊರೆಥಿಸ್ಟಿರೋನ್ 5 ಮಿ.ಗ್ರಾಂ. ದಿನಕ್ಕೆ ಮೂರು ಎಂದರೆ ಅದರ ಒಂದಂಶ ದೇಹದೊಳಗೆ ಹೆಪ್ಪಿನ ಅಪಾಯ ಹೆಚ್ಚಿಸುವ ಈಸ್ಟ್ರೊಜೆನ್ ಆಗಿ ಬದಲಾಗುತ್ತದೆ. ಬಾಣಂತಿಗೆ ನೀರು ಕೊಡಬಾರದೆಂಬ ನಮ್ಮ ಕಡೆಯ ಪಥ್ಯವನ್ನೂ ಅಂಥ ಮನೆಯಲ್ಲಿ ಬಿಡಬೇಕು; ನೀರು ಕಡಿಮೆಯಾದರೂ ಹೆಪ್ಪಿನ ಅಪಾಯ ಹೆಚ್ಚುತ್ತದೆ. ಹೆರಿಗೆಯ ನಂತರದ 6 ವಾರ ಹೇಗೂ ಅಪಾಯದ ಕಾಲ. ಬಾಣಂತಿಯ ಬಿಡದ ತಲೆನೋವು, ವಾಂತಿ, ಫಿಟ್ಸ್ ಮೆದುಳಿನ ಸಿರೆಯ ಹೆಪ್ಪಿನಿಂದಲೂ ಬರುತ್ತದೆ. ಅದನ್ನು ಶೀತಗಾಳಿಯ ಲೆಕ್ಕಕ್ಕೆ ಹಾಕಿ ಕೂರದೆ ಅದೇ ದಿನ ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ, ಕುಟುಂಬದ ಹಳೆಯ ರಿಪೋರ್ಟೂ ಕೈಯಲ್ಲಿರಲಿ.