ಚಾಚಾ ಎದ್ದು ಹೋಗುತ್ತಿದ್ದ ಆ ನಾಲ್ಕು ನಿಮಿಷ

ಮರ ಕಡೆಯುವ ಮೂರನೇ ಲೇತಿನ ಹುಡುಗಿಯನ್ನು ನಾನು ಎಲ್ಲರ ಎದುರು ಬೈದದ್ದು ಒಂದು ಮಂಗಳವಾರದ ಮಧ್ಯಾಹ್ನ, ಮೂರೂವರೆಯ ಟೀ ಬರುವುದಕ್ಕೆ ಸ್ವಲ್ಪ ಮುಂಚೆ. ಅವಳ ಲೇತಿನಿಂದ ಸಿಡಿದ ಅರ್ಧ ಪೆಂಡೆಂಟು ಟ್ಯೂಬ್‌ಲೈಟಿನ ತಗಡಿಗೆ ಬಡಿದು ಪ್ಯಾಕಿಂಗ್ ಮೇಜಿನ ಮೇಲೆ ಬಂದು ಬಿತ್ತು. ಅದು ಆ ದಿನ ಅವಳ ಕೈಯಲ್ಲಿ ಬಿಚ್ಚಿಕೊಂಡ ಮೂರನೆಯದು. "ಚಕ್‌ಗೆ ಅಷ್ಟು ಜೋರಾಗಿ ಬಡೀಬೇಡ ಅಂತ ಎಷ್ಟು ಸಲ ಹೇಳೋದು?" ಎಂದು ನಾನು ಕೂಗಿದ್ದು ಹೊರಗೆ ಮರ ಇಳಿಸುತ್ತಿದ್ದವರಿಗೂ ಕೇಳಿಸಿತ್ತಂತೆ. (ಚಕ್ ಅಂದರೆ ಲೇತಿನಲ್ಲಿ ಮರವನ್ನು ಹಿಡಿದು ತಿರುಗಿಸುವ ಭಾಗ.) ಅವಳು ಉತ್ತರ ಕೊಡಲಿಲ್ಲ. ಲೇತ್ ನಿಲ್ಲಿಸಿ, ಮಡಿಲಿನ ಮೇಲಿದ್ದ ಹೊಟ್ಟನ್ನು ಕೊಡವಿಕೊಂಡು, ಹೊಸ ಕಡ್ಡಿಯೊಂದನ್ನು ಕೈಗೆತ್ತಿಕೊಂಡಳು.

ನಾನು ಚನ್ನಪಟ್ಟಣದ ಒಂದು ಅರಗಿನ ಕೆಲಸದ ಘಟಕದಲ್ಲಿ 11 ವರ್ಷ ಲೇತಿನ ಮುಂದೆ ಕುಳಿತವಳು. ಕಳೆದ ಮೂರು ವರ್ಷಗಳಿಂದ ಮೇಲ್ವಿಚಾರಕಿ, ಅಂದರೆ ಉಳಿ ಹಿಡಿಯುವುದನ್ನು ಬಿಟ್ಟು ಟೈಮ್ ಶೀಟ್ ಹಿಡಿದವಳು. ಈ ಘಟನೆಯಲ್ಲಿ ತಪ್ಪಿದ್ದು ಆ ಶೀಟಿನಲ್ಲಿಯೇ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಊರನ್ನು ಹೊರಗಿನಿಂದ ಬಳಸಿಕೊಂಡು ಹೋದ ಮೇಲೆ, ಹಳೆಯ ರಸ್ತೆಯ ಬದಿಯ ಬೊಂಬೆ ಅಂಗಡಿಗಳ ಮುಂದೆ ಕಾರುಗಳು ನಿಲ್ಲುವುದು ಕಡಿಮೆಯಾಯಿತು. ಹೀಗಾಗಿ ನಮ್ಮ ಮಾಲೀಕರು ಕಂಪನಿಗಳ ಉಡುಗೊರೆ ಆರ್ಡರ್ ಎಂದರೆ ಯಾವುದನ್ನೂ ಬೇಡವೆನ್ನುವುದಿಲ್ಲ. ಬೆಂಗಳೂರಿನ ವಿನ್ಯಾಸಕಿಯೊಬ್ಬರು 600 ಪೆಂಡೆಂಟುಗಳನ್ನು ಕೇಳಿದ್ದರು. ಹನಿಯ ಆಕಾರ, ಉದ್ದ 35 ಮಿಲಿಮೀಟರ್, ದಪ್ಪವಿರುವ ಕಡೆ 18 ಮಿಲಿಮೀಟರ್. ಎರಡು ಬಿಳಿ ಆಲೆ ಮರದ ಪಟ್ಟಿಗಳ ನಡುವೆ ಮೇಲಿನಿಂದ ಕೆಳಗಿನವರೆಗೆ ಒಂದು ಕಪ್ಪು ಬೀಟೆಯ ಗೆರೆ. ಬುಡದಲ್ಲಿ ಕೆಂಪು ಅರಗು, ಅದರ ಮೇಲಕ್ಕೆಲ್ಲ ಬಣ್ಣವಿಲ್ಲದ ಅರಗು. ಷರತ್ತು ಒಂದೇ: ಮರವೆಲ್ಲ ಸ್ಕ್ರ್ಯಾಪ್ ಆಗಿರಬೇಕು, ಹಾಗೆಂದು ಚೀಟಿಯ ಮೇಲೆ ಅಚ್ಚು ಹಾಕಿಸುತ್ತಾರೆ.

ಸ್ಕ್ರ್ಯಾಪಿಗೆ ನಮ್ಮಲ್ಲೇನೂ ಬರವಿರಲಿಲ್ಲ. ಬೊಂಬೆ ಕತ್ತರಿಸಿಕೊಂಡ ಮೇಲೆ ಚಕ್ಕಿನಲ್ಲಿ ಉಳಿಯುವ ಆಲೆ ಮರದ ಮೋಟುಗಳು ಮೂಟೆಗಟ್ಟಲೆ ಬಿದ್ದಿರುತ್ತವೆ, ಮಾಮೂಲಿಯಾಗಿ ಅವು ಬಚ್ಚಲ ಒಲೆಗೆ ಹೋಗುತ್ತವೆ. ಬೀಟೆಯ ಪಟ್ಟಿಗಳು ಮೈಸೂರಿನ ಒಂದು ಇನ್‌ಲೇ (ಮರದೊಳಗೆ ಚಿತ್ರ ಕೂರಿಸುವ) ಕೆಲಸದವರಿಂದ ಎರಡು ಚೀಲ ಬಂದವು. ಮಾಲೀಕರು ತಮ್ಮ ಎಕ್ಸೆಲ್‌ನಲ್ಲಿ 'ಮರದ ಖರ್ಚು' ಎಂಬ ಸಾಲಿನ ಮುಂದೆ ಸೊನ್ನೆ ಹಾಕಿ, ಅದನ್ನು ವಾಟ್ಸ್ಯಾಪ್ ಗುಂಪಿಗೆ ಕಳುಹಿಸಿ, ಪಕ್ಕದಲ್ಲಿ ಚಪ್ಪಾಳೆಯ ಚಿತ್ರವನ್ನೂ ಹಾಕಿದರು. ಆ ಸೊನ್ನೆಯನ್ನು ನೋಡಿದಾಗಲೆಲ್ಲ ನನಗೆ ಈಗಲೂ ಮೈ ಉರಿಯುತ್ತದೆ. ಹುಳು ಹಿಡಿದದ್ದು, ಗಂಟು ಇದ್ದದ್ದು, ಬಡಿತಕ್ಕೆ ಸೀಳಿದ್ದು, ಇನ್ನೂ ಹಸಿ ಆರದೇ ಇದ್ದದ್ದು ಎಂದು ಆ ಮೋಟುಗಳನ್ನು ಆರಿಸಲು ಇಬ್ಬರು ಹೆಂಗಸರಿಗೆ ಒಂದೂವರೆ ದಿನ ಹಿಡಿಯಿತು. ಆಮೇಲೆ ಪಟ್ಟಿ ಸೀಳಬೇಕು, ಮುಖ ಸಮ ಮಾಡಬೇಕು, ಅಂಟಿಸಬೇಕು, ಕ್ಲಾಂಪ್ ಹಾಕಿ ಇಡೀ ರಾತ್ರಿ ಬಿಡಬೇಕು. ಇಡೀ ಮರದಿಂದ ಮಾಡಿದ್ದರೆ ಇವು ಯಾವುದೂ ಇರುತ್ತಿರಲಿಲ್ಲ. ಆದರೆ ಇದು ಮಾಲೀಕರ ಮೇಲಿನ ದೂರು. ನನ್ನ ತಪ್ಪು ಬೇರೆಯೇ ಇದೆ.

ಸ್ಯಾಂಪಲ್ 12 ಪೆಂಡೆಂಟುಗಳನ್ನು ಮಾಡಿದವರು ಚಾಚಾ. ಘಟಕದಲ್ಲಿ ಎಲ್ಲರಿಗೂ ಅವರು ಚಾಚಾನೇ. ಬಿಲ್ಲು ಎಳೆದು ತಿರುಗಿಸುವ ಕೈಲೇತಿನ ಮೇಲೆ ಅವರ ತಂದೆಯಿಂದ ಕೆಲಸ ಕಲಿತು, ಆಮೇಲೆ ಮೋಟಾರಿಗೆ ಬಂದವರು. ಅವರು ಸ್ಯಾಂಪಲ್ ಕಡೆಯುವಾಗ ನಾನು ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಕಡ್ಡಿಯನ್ನು ಚಕ್‌ಗೆ ಬಡಿದು ಕೂರಿಸುವುದು, ಉಳಿಯಿಂದ ಗುಂಡಗೆ ಇಳಿಸುವುದು, ಹನಿ ತೆಗೆಯುವುದು, ಉಪ್ಪುಕಾಗದ, ಅರಗು, ತಾಳೆಗರಿಯಿಂದ ಹೊಳಪು, ಕತ್ತರಿಸುವುದು: ಎಲ್ಲ ಸೇರಿ ಒಂದಕ್ಕೆ ಸರಾಸರಿ 9 ನಿಮಿಷ ಬಂತು. ಆದರೆ ಈ 9 ನಿಮಿಷಗಳಲ್ಲಿ ಅವರು ಎರಡು ಸಲ ಲೇತ್ ನಿಲ್ಲಿಸಿ ಎದ್ದು ಹೋಗುತ್ತಿದ್ದರು. ಬಣ್ಣವಿಲ್ಲದ ಅರಗು ಕೊಟ್ಟ ಮೇಲೆ ಒಂದು ಸಲ, ಕೆಂಪು ಕೊಟ್ಟ ಮೇಲೆ ಇನ್ನೊಂದು ಸಲ. ಹೊರಗೆ ಹುಣಸೆ ಮರದ ಕೆಳಗೆ ನಿಂತು ಬೀಡಿಯ ಎರಡು ದಮ್ಮು ಎಳೆದು, ಆರಿಸಿ ಕಿವಿಗೆ ಸಿಕ್ಕಿಸಿಕೊಂಡು ಒಳಗೆ ಬರುತ್ತಿದ್ದರು. ನಾನು ಪ್ರತಿ ಸಲ ಎರಡು ನಿಮಿಷದಂತೆ ಒಟ್ಟು 4 ನಿಮಿಷಗಳನ್ನು ಕಳೆದು, 'ನಿಜವಾದ ಕೆಲಸ: 5 ನಿಮಿಷ' ಎಂದು ಶೀಟಿನಲ್ಲಿ ಬರೆದೆ. ಬರೆಯುವಾಗ, ಹಿರಿಯರ ಬೀಡಿಯ ವಿಷಯವನ್ನು ಮಾಲೀಕರಿಗೆ ಹೇಳದೆ ಅವರ ಮಾನ ಉಳಿಸಿದೆನೆಂಬ ಸಣ್ಣ ಹೆಮ್ಮೆಯೂ ನನಗಿತ್ತು.

600 ಪೆಂಡೆಂಟಿಗೆ 5 ನಿಮಿಷದಂತೆ 50 ಗಂಟೆ, ನಾಲ್ಕು ಲೇತಿಗೆ ಹಂಚಿದರೆ ಹನ್ನೆರಡೂವರೆ ಗಂಟೆ. ಎರಡು ದಿನದಲ್ಲಿ ಮುಗಿಯುತ್ತದೆ ಎಂದು ನಾನು ಮಾತು ಕೊಟ್ಟೆ, ಮಾಲೀಕರು ಅದನ್ನೇ ವಿನ್ಯಾಸಕಿಗೆ ದಾಟಿಸಿದರು. ಅಷ್ಟರಲ್ಲಿ ಚಾಚಾ ಕಣ್ಣಿನ ಪೊರೆಯ ಆಪರೇಷನ್‌ಗೆಂದು ರಜೆ ಹಾಕಿದ್ದರು. ಕೆಲಸ ಶುರುವಾದದ್ದು ಅವರಿಲ್ಲದೆ.

ಮಂಗಳವಾರ ಬೆಳಿಗ್ಗೆ ಮೊದಲ ಎರಡು ಗಂಟೆ ಎಲ್ಲವೂ ಸುಗಮವಾಗಿತ್ತು. ಹನ್ನೊಂದರ ಸುಮಾರಿಗೆ ಮೂರನೇ ಲೇತಿನ ಹುಡುಗಿ ನನ್ನನ್ನು ಕರೆದು, "ಅಕ್ಕ, ಗರಿ ಒತ್ತಿದಾಗ ಒಳಗೆ ಏನೋ ಜಾರಿದಂಗೆ ಆಯ್ತದೆ" ಎಂದಳು. ನಾನು ನೋಡಲಿಕ್ಕೂ ಬಗ್ಗದೆ "ಬೆಲ್ಟ್ ಜಾರ್ತಿರಬೇಕು" ಎಂದೆ. "ಬೆಲ್ಟ್ ಜಾರೋದು ನಂಗೆ ಗೊತ್ತಕ್ಕ, ದೀಪಾವಳಿಯಿಂದ ಜಾರ್ತಾನೇ ಐತೆ. ಇದು ಬೇರೆ" ಎಂದಳು. ಅವಳ ಮಾತು ಅಷ್ಟು ಸ್ಪಷ್ಟವಾಗಿತ್ತು, ಮತ್ತು ನಾನು ಅಷ್ಟೇ ಸ್ಪಷ್ಟವಾಗಿ ಅದನ್ನು ಕೇಳಿಸಿಕೊಳ್ಳಲಿಲ್ಲ. ನನ್ನ ಕಣ್ಣು ಗೋಡೆಯ ಹಲಗೆಯ ಮೇಲಿದ್ದ ಗಂಟೆವಾರು ಲೆಕ್ಕದ ಮೇಲಿತ್ತು.

ಮಧ್ಯಾಹ್ನ ಒಂದಾದ ಮೇಲೊಂದರಂತೆ ಮೂರು ಬಿಚ್ಚಿಕೊಂಡಾಗ ನಾನು ಮಾಡಿಕೊಂಡ ತೀರ್ಮಾನ ಹೀಗಿತ್ತು: ಚಕ್‌ಗೆ ಬಡಿಯುವಾಗ ಅಂಟಿನ ಗೆರೆಗೆ ಬೆಣೆ ಹೊಡೆದಂತಾಗಿ ಸೀಳು ಬಿಟ್ಟಿರಬೇಕು, ಅದು ಆಮೇಲೆ ತಿರುಗುವಾಗ ತೆರೆದುಕೊಂಡಿರಬೇಕು. ತೀರ್ಮಾನ ಅಸಂಬದ್ಧವೇನಲ್ಲ, ಅಂಟಿಸಿದ ಕಡ್ಡಿಗೆ ಜೋರು ಬಡಿತ ಬಿದ್ದರೆ ಹಾಗಾಗುವುದುಂಟು. ಆದರೆ ಹಾಗಾಗಿದ್ದರೆ ಉಳಿ ತಾಗಿದ ಮೊದಲ ಕ್ಷಣದಲ್ಲಿಯೇ ಸಿಡಿಯಬೇಕಿತ್ತು, ಏಕೆಂದರೆ ಚೌಕದ ಮೂಲೆಗಳನ್ನು ಇಳಿಸುವಾಗಲೇ ಮರಕ್ಕೆ ಅತಿ ಹೆಚ್ಚು ಪೆಟ್ಟು ಬೀಳುವುದು. ಈ ಮೂರೂ ಬಿಚ್ಚಿದ್ದು ಗರಿ ಹಿಡಿಯುವಾಗ, ಎಲ್ಲ ಕಡೆದು ಮುಗಿದ ಮೇಲೆ. 11 ವರ್ಷ ಲೇತಿನ ಮುಂದೆ ಕುಳಿತವಳಿಗೆ ಇಷ್ಟು ಹೊಳೆಯಬೇಕಿತ್ತು. ಹೊಳೆಯುವ ಬದಲು ಬೈದೆ.

ಬೈದದ್ದು ಸಾಲದೆ, ಹೇಗೆ ಮಾಡಬೇಕೆಂದು ತೋರಿಸಿಕೊಡಲು ಅವಳನ್ನು ಎಬ್ಬಿಸಿ ನಾನೇ ಕುಳಿತೆ. ಉಳಿದ ಮೂರು ಲೇತುಗಳ ಸದ್ದೂ ಒಂದೊಂದಾಗಿ ನಿಂತಿತು. ಯಾರೂ ನಿಲ್ಲಿಸಲು ಹೇಳಿರಲಿಲ್ಲ. ಕಡ್ಡಿಯನ್ನು ಮೆಲ್ಲಗೆ, ಮಗುವಿನ ಬೆನ್ನು ತಟ್ಟುವಷ್ಟು ಮೆಲ್ಲಗೆ ಬಡಿದು ಕೂರಿಸಿದೆ. ಉಳಿ ಹಿಡಿದು ಮೂಲೆ ಇಳಿಸಿದೆ. ಆಲೆ ಬೆಣ್ಣೆಯಂತೆ ಬರುತ್ತದೆ, ನಡುವಿನ ಬೀಟೆ ಮಾತ್ರ ಪ್ರತಿ ಸುತ್ತಿನಲ್ಲೂ ಎರಡು ಸಲ ಉಳಿಯನ್ನು ತಟ್ಟುತ್ತದೆ. ಅದನ್ನು ಸಂಭಾಳಿಸಿ ಹನಿ ತೆಗೆದೆ. ಗೆರೆ ನೇರವಾಗಿತ್ತು, ಅಂಟು ಭದ್ರವಾಗಿತ್ತು. ನೋಡಿದೆಯಾ ಎಂಬಂತೆ ಒಮ್ಮೆ ತಲೆಯೆತ್ತಿ ನೋಡಿದ್ದೂ ಉಂಟು.

ಆಮೇಲೆ ತಿರುಗುತ್ತಿರುವ ಹನಿಗೆ ಬಣ್ಣವಿಲ್ಲದ ಅರಗಿನ ಕಡ್ಡಿಯನ್ನು ಒತ್ತಿದೆ. ಉಜ್ಜಿದ ಬಿಸಿಗೆ ಅರಗು ಕರಗಿ ಹರಡಿತು. ನಿಲ್ಲಿಸದೆ ಕೆಂಪು ಕಡ್ಡಿ ತೆಗೆದುಕೊಂಡೆ, ಶೀಟಿನಲ್ಲಿ ನಾನು ಬರೆದಂತೆಯೇ. ಬುಡಕ್ಕೆ ಕೆಂಪು ಕೊಟ್ಟು, ತಾಳೆಗರಿಯನ್ನು ಮಡಿಸಿ ಹೊಳಪಿಗೆ ಒತ್ತಿದೆ. ಗರಿಯ ಕೆಳಗೆ ಬೆರಳಿಗೆ ಟಿಕ್ ಟಿಕ್ ಎಂದು ಏನೋ ತಾಗಿತು. ಅರಗಿನ ಗಂಟಿರಬೇಕೆಂದು ಇನ್ನಷ್ಟು ಒತ್ತಿದೆ. ಟಿಕ್ ಟಿಕ್ ಟಕ್ ಟಕ್ ಆಯಿತು. ಅವಳು ಬೆಳಿಗ್ಗೆ ಹೇಳಿದ್ದ 'ಜಾರಿದಂಗೆ' ಎಂಬ ಮಾತು ನೆನಪಾದದ್ದು ಆಗ. ಕೈ ತೆಗೆಯಬೇಕೆಂದು ಮನಸ್ಸು ಹೇಳಿತು, ಆದರೆ ಹಿಂದೆ ಆರು ಜನ ನಿಂತಿದ್ದರು. ಎರಡು ಸೆಕೆಂಡ್ ಹೆಚ್ಚಿಗೆ ಒತ್ತಿ ಹಿಡಿದೆ. ಒಂದು ಹೋಳು ಗರಿಯನ್ನು ಹರಿದುಕೊಂಡು ನನ್ನ ಭುಜದ ಮೇಲಿನಿಂದ ಹಾರಿಹೋಯಿತು. ಉಳಿದ ಹೋಳು ಚಕ್ಕಿನಲ್ಲಿ ಕುಂಟುತ್ತಾ ತಿರುಗುತ್ತಿತ್ತು. ಸ್ವಿಚ್ ಆರಿಸಿ ಅದರ ಅಂಟಿನ ಮುಖವನ್ನು ಮುಟ್ಟಿದೆ. ಬಿಸಿಯಾಗಿತ್ತು, ಮತ್ತು ಬಿಳಿ ಅಂಟು ಬೆರಳಿಗೆ ರಬ್ಬರಿನಂತೆ ಎಳೆಯಾಗಿ ಬಂತು.

ಯಾರೂ ಮಾತಾಡಲಿಲ್ಲ. ಆ ಹುಡುಗಿಯೂ ಮಾತಾಡಲಿಲ್ಲ, ಅದು ಎಲ್ಲಕ್ಕಿಂತ ಕಷ್ಟವಾಯಿತು.

ಅಷ್ಟು ಹೊತ್ತಿಗೆ ತಯಾರಾಗಿ ಟ್ರೇಗಳಲ್ಲಿದ್ದದ್ದು 140. ಒಂದೊಂದನ್ನೂ ಎರಡು ಕೈಯಲ್ಲಿ ಹಿಡಿದು ತಿರುಚಿ ನೋಡಿದೆವು. 31 ಬಾಯಿ ಬಿಟ್ಟವು. ಅದರಲ್ಲಿ ಮೂರನೇ ಲೇತಿನ ಟ್ರೇಯವು 6 ಮಾತ್ರ. ಉಳಿದವರ ಲೇತಿನಲ್ಲಿ ಅಂಟು ಮೆತ್ತಗಾಗಿ, ಕತ್ತರಿಸುವುದರೊಳಗೆ ಆರಿ, ಸುಮ್ಮನೆ ಹಿಡಿದುಕೊಂಡಂತೆ ನಟಿಸಿತ್ತು; ಹೊಳಪು ಸರಿಯಾಗಿ ಬರಲೆಂದು ಗರಿಯನ್ನು ಬಿಗಿಯಾಗಿ ಒತ್ತುತ್ತಿದ್ದವಳ ಕೈಯಲ್ಲಿ ಮಾತ್ರ ಅಲ್ಲೇ ಬಯಲಾಗಿತ್ತು. ಅಂದರೆ ನಾನು ಬೈದದ್ದು ಘಟಕದಲ್ಲಿ ಆ ದಿನ ಅತ್ಯಂತ ಚೆನ್ನಾಗಿ ಕೆಲಸ ಮಾಡಿದವಳನ್ನು.

ಮಾಲೀಕರಿಗೆ ಫೋನ್ ಮಾಡಿದರೆ "ಬೇರೆ ಅಂಟು ತರಿಸಿ, ನಾಳೆ ಸಂಜೆಗೆ ಗಾಡಿ ಬರುತ್ತೆ" ಎಂದರು. ಚಾಚಾರ ಮನೆಗೆ ಹೋದೆ. ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಕುಳಿತಿದ್ದರು. ಹೋಳನ್ನು ಕೈಗೆ ಕೊಟ್ಟೆ. ಕಣ್ಣಿಗೆ ಹಿಡಿಯದೆ, ಅಂಟಿನ ಮುಖದ ಮೇಲೆ ಹೆಬ್ಬೆರಳು ಆಡಿಸಿದರು. "ಅರಗು ಕರಗೋ ಬಿಸಿಗೆ ಅಂಟು ಮೆತ್ತಗಾಗಲ್ವೇನಮ್ಮ? ಅದಕ್ಕೇ ಅಲ್ವಾ ನಾನು ಮಧ್ಯೆ ಮಧ್ಯೆ ಬಿಟ್ಟು ಏಳ್ತಿದ್ದದ್ದು" ಎಂದರು. ಬೀಡಿಗೆ ಅಂದುಕೊಂಡಿದ್ದೆ ಎಂದು ಹೇಳಲು ಬಾಯಿ ಬರಲಿಲ್ಲ. ಅವರಿಗೇ ಅರ್ಥವಾಯಿತೋ ಏನೋ, "ಸುಮ್ನೆ ನಿಂತ್ಕೊಳ್ಳೋಕೆ ಬೇಜಾರು, ಬೀಡಿ ಹಚ್ತೀನಿ" ಎಂದು ನಕ್ಕರು.

ವಿಷಯ ಇಷ್ಟೇ. ಅರಗು 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗಿ, ಇನ್ನೊಂದಿಷ್ಟು ಬಿಸಿಗೆ ಹರಿಯುತ್ತದೆ. ನಾವು ಬಳಸುವ ಸಾಧಾರಣ ಬಿಳಿ ಅಂಟೂ ಅದೇ ಬಿಸಿಯಲ್ಲಿ ಹಿಡಿತ ಕಳೆದುಕೊಳ್ಳುತ್ತದೆ. ಗಿಲಕಿ, ಬಟ್ಟಲು, ದೊಡ್ಡ ಬೊಂಬೆಗಳಾದರೆ ಮರದ ಮೈ ಆ ಬಿಸಿಯನ್ನು ನುಂಗಿಕೊಳ್ಳುತ್ತದೆ, ಸಾಮಾನ್ಯವಾಗಿ ಅವುಗಳಲ್ಲಿ ಅಂಟೂ ಇರುವುದಿಲ್ಲ. ಹೀಗಾಗಿ ಇಷ್ಟು ವರ್ಷ ಈ ಪ್ರಶ್ನೆ ನನ್ನ ಮುಂದೆ ಬಂದೇ ಇರಲಿಲ್ಲ. 18 ಮಿಲಿಮೀಟರಿನ ಹನಿಯಲ್ಲಿ ಬಿಸಿ ತಪ್ಪಿಸಿಕೊಳ್ಳಲು ಜಾಗವಿಲ್ಲ. ಅದರ ಮೇಲೆ ಅಂಟಿನ ಗೆರೆಯೇ ಮೈಮೇಲೆ ಬಂದು ಅರಗಿಗೆ ನೇರವಾಗಿ ಮುಖ ಕೊಟ್ಟಿದೆ. ಒಂದು ಅರಗು ಕೊಟ್ಟು ಎರಡು ನಿಮಿಷ ಆರಲು ಬಿಟ್ಟರೆ ಉಳಿಯುತ್ತದೆ, ಒಂದರ ಹಿಂದೆ ಒಂದನ್ನು ಕೊಟ್ಟರೆ ಉಳಿಯುವುದಿಲ್ಲ. ನಾನು 'ಕೆಲಸವಲ್ಲ' ಎಂದು ಕಳೆದುಹಾಕಿದ 4 ನಿಮಿಷಗಳೇ ಆ ಪೆಂಡೆಂಟನ್ನು ಹಿಡಿದಿಟ್ಟಿದ್ದವು.

ಕೊನೆಗೆ ಅಂಟನ್ನೇ ಬಿಟ್ಟೆವು. "ಬೀಟೆಗೆ ಅರಗು ಯಾಕಮ್ಮ, ಅದಕ್ಕೆ ಅದರದೇ ಬಣ್ಣ ಐತಲ್ಲ" ಎಂದು ಚಾಚಾ ಹೇಳಿದ್ದನ್ನೇ ನಾನು ವಿನ್ಯಾಸಕಿಗೆ ಫೋನಿನಲ್ಲಿ ಒಪ್ಪಿಸಿದೆ. ಬೀಟೆಯ ರಂಧ್ರಗಳು ಎದ್ದು ಕಾಣುವುದರಿಂದ ಅರಗು ಅದರ ಮೇಲೆ ಆಲೆಯ ಮೇಲೆ ಕೂರುವಷ್ಟು ನುಣುಪಾಗಿ ಹೇಗೂ ಕೂರುತ್ತಿರಲಿಲ್ಲ. 400 ಆಲೆಯವು, ಅರಗು ಹಾಕಿದ್ದು. 200 ಬೀಟೆಯವು, ಜೇನುಮೇಣ ಉಜ್ಜಿದ್ದು. ಎರಡೂ ಅಂಟಿಸದ ಒಂಟಿ ತುಂಡಿನಿಂದ, ಸ್ಕ್ರ್ಯಾಪಿನಿಂದಲೇ. ಸ್ವಲ್ಪ ಹೊತ್ತು ಮೌನವಾಗಿದ್ದು ಅವರು ಒಪ್ಪಿದರು. ನಾಲ್ಕು ದಿನ ತಡವಾಯಿತು, ಸಾಗಣೆಯ ಖರ್ಚು ನಮ್ಮ ತಲೆಗೆ ಬಂತು. ಅಂಟಿಸಿದ ಕಡ್ಡಿಗಳೆಲ್ಲ ಬಚ್ಚಲ ಒಲೆಗೇ ಹೋದವು. ಎಕ್ಸೆಲ್‌ನಲ್ಲಿ ಮರದ ಖರ್ಚು ಇವತ್ತಿಗೂ ಸೊನ್ನೆಯಾಗಿಯೇ ಇದೆ. ಟೈಮ್ ಶೀಟಿನಲ್ಲಿ ನಾನು 'ಆರಲು ಬಿಡುವುದು' ಎಂಬ ಹೊಸ ಕಾಲಂ ಸೇರಿಸಿದ್ದೇನೆ. ಅದನ್ನು ಕಡಿಮೆ ಮಾಡಲಾಗುವುದೇ ಎಂದು ಮಾಲೀಕರು ಈಗಾಗಲೇ ಎರಡು ಸಲ ಕೇಳಿದ್ದಾರೆ.

ಬುಧವಾರ ಬೆಳಿಗ್ಗೆ, ಬೈದದ್ದು ಎಲ್ಲರ ಎದುರಾದ್ದರಿಂದ, ತಪ್ಪಾಯಿತೆಂದು ಹೇಳಿದ್ದೂ ಎಲ್ಲರ ಎದುರೇ. ಬೇಕಾದ ಮಾತುಗಳನ್ನು ರಾತ್ರಿಯೆಲ್ಲ ಜೋಡಿಸಿಕೊಂಡು ಬಂದಿದ್ದೆ, ಅರ್ಧಕ್ಕೇ ನಿಂತುಹೋಯಿತು. ಅವಳು ಕಡ್ಡಿಯನ್ನು ಚಕ್‌ಗೆ ಕೂರಿಸುತ್ತಾ, ತಲೆಯೆತ್ತದೆ, "ಆಯ್ತು ಬಿಡಕ್ಕ. ಆ ಬೆಲ್ಟ್ ಒಂದು ಬದಲಾಯಿಸಿಕೊಡಿ" ಎಂದಳು.

ಅದೇ ದಿನ ಬೇಡಿಕೆಯ ಚೀಟಿ (ಇಂಡೆಂಟ್) ಬರೆದು ಕೊಟ್ಟಿದ್ದೇನೆ. ಬೆಲ್ಟ್ ಇನ್ನೂ ಬಂದಿಲ್ಲ.