ಟೆಫ್ಲಾನ್ ಬಳೆ

ನಮ್ಮ ಲ್ಯಾಬಿಗೆ ಮೊದಲ ಸಲ ದ್ರವ ನೈಟ್ರೋಜನ್ ಬಂದ ದಿನ ಎಲ್ಲರೂ ಜಾಡಿಯ ಸುತ್ತ ಗುಂಪು ಕಟ್ಟಿ ನಿಂತಿದ್ದರು. ನನಗೆ ಮಾತ್ರ ಅದು ಗುರುತಿನ ಜಾಡಿ. ಊರಿನ ಪಶು ಆಸ್ಪತ್ರೆಯಲ್ಲಿ ಹೋರಿಯ ವೀರ್ಯದ ಕಡ್ಡಿಗಳನ್ನು ಇಂಥದ್ದರಲ್ಲೇ ಇಡುತ್ತಿದ್ದರು. ಹಸು ಹೊಡೆದುಕೊಂಡು ಹೋದಾಗ ಕಾಂಪೌಂಡರ್ ಮುಚ್ಚಳ ತೆಗೆದರೆ ಬಿಳಿ ಹೊಗೆ ಮೇಲಕ್ಕೆ ಹೋಗದೆ ಕೆಳಕ್ಕೆ ಇಳಿಯುತ್ತಿತ್ತು. ಒಳಗೆ ಮೈನಸ್ 196 ಡಿಗ್ರಿ ಅಂತ ಗೊತ್ತಾಗಿದ್ದು ಎಂಎಸ್ಸಿಗೆ ಬಂದ ಮೇಲೆ.

ಇದನ್ನು ಹೇಳಿದ್ದೇ ತಡ, ಮೇಷ್ಟ್ರು ಕೇಳಿದರು: "ಜಾಡಿಯ ಮೈಯೆಲ್ಲ ಅಲ್ಯೂಮಿನಿಯಂ. ಕತ್ತು ಮಾತ್ರ ಗಾಜಿನ ನಾರಿನದು, ಯಾಕೆ?" ನಾನು ಕಣ್ಣು ಕಣ್ಣು ಬಿಟ್ಟೆ. ಒಲೆ ಮೇಲೆ ಬಿಟ್ಟ ಅಲ್ಯೂಮಿನಿಯಂ ಸೌಟಿನ ಹಿಡಿ ಸುಡುತ್ತೆ, ಮರದ ಸೌಟಿನದು ಸುಡಲ್ಲ, ಅಲ್ವಾ? ಅಷ್ಟೇ ವಿಷಯ. ಎರಡು ಗೋಡೆಗಳ ನಡುವೆ ನಿರ್ವಾತ. ಹೊರಗಿನ ಬಿಸಿ ಸುಲಭವಾಗಿ ಒಳಗೆ ನುಸುಳಲು ಇರುವ ದಾರಿ ಕತ್ತೊಂದೇ.

ನನ್ನ ಪ್ರಾಜೆಕ್ಟಿಗೆ ಒಂದು ಸಣ್ಣ ಕ್ರಯೋಸ್ಟಾಟ್, ಅಂದರೆ ಪ್ರಯೋಗದ ವಸ್ತುವನ್ನು ಅಷ್ಟೇ ತಣ್ಣಗೆ ಇಡುವ ಪಾತ್ರೆ, ಕಟ್ಟಬೇಕಿತ್ತು. ಬೆಸುಗೆ ಸುಲಭ ಅಂತ ಕತ್ತಿಗೆ ತಾಮ್ರದ ಪೈಪ್ ತಂದಿದ್ದೆ. ಮೇಷ್ಟ್ರು ಅದನ್ನು ಸುಮ್ನೆ ಪಕ್ಕಕ್ಕಿಟ್ಟರು. ತಾಮ್ರ ಸ್ಟೇನ್‌ಲೆಸ್ ಸ್ಟೀಲಿಗಿಂತ ಸುಮಾರು 25 ಪಟ್ಟು ಜಾಸ್ತಿ ಶಾಖ ಸಾಗಿಸುತ್ತೆ. ತಣ್ಣಗಾದ ಹಾಗೆ ಆ ಅಂತರ ಇನ್ನೂ ಹಿಗ್ಗುತ್ತೆ. ಕೊನೆಗೆ ತೆಳು ಗೋಡೆಯ ಸ್ಟೀಲ್ ಪೈಪೇ ಗತಿಯಾಯಿತು. ಮಾಮೂಲಿ ಕಬ್ಬಿಣ ಯಾಕೆ ಆಗಲ್ಲ ಅಂತ ತೋರಿಸಲು ಅವತ್ತೇ ಒಂದು ಕಬ್ಬಿಣದ ಸರಳನ್ನು ನೈಟ್ರೋಜನ್ನಿನಲ್ಲಿ ಅದ್ದಿ, ಸುತ್ತಿಗೆಯಿಂದ ಒಂದೇ ಏಟು ಹಾಕಿದರು. ಸೀಮೆಸುಣ್ಣದ ಹಾಗೆ ತುಂಡಾಯಿತು. ಸ್ಟೀಲ್ ಚಮಚ ಬರೀ ಬಾಗಿತು.

ಆಮೇಲೆ ಶುರುವಾಗಿದ್ದು ಸೋರಿಕೆಯ ಕಾಟ. ನೈಟ್ರೋಜನ್ ಪಾತ್ರೆಯ ತಳದ ಫ್ಲಾಂಜಿಗೆ, ಅಂದರೆ ಬೋಲ್ಟು ಹಾಕಿ ಬಿಗಿಯುವ ಅಂಚಿಗೆ, ಸೋರದಂತೆ 3 ಮಿಲಿಮೀಟರ್ ದಪ್ಪದ ಟೆಫ್ಲಾನ್ ಪ್ಲಾಸ್ಟಿಕ್ಕಿನ ಬಳೆ ಹಾಕಿದ್ದೆ. ಕೋಣೆಯ ಬಿಸಿಯಲ್ಲಿ ಪರೀಕ್ಷೆ ಮಾಡಿದರೆ ಸೋರಿಕೆಯೇ ಇಲ್ಲ. ನೈಟ್ರೋಜನ್ ಸುರಿದರೆ ನಿರ್ವಾತ ಕೆಟ್ಟು, ಹೊರಗೋಡೆ ಬೆವರಿ, ನೀರು ತೊಟ್ಟಿಕ್ಕುತ್ತಿತ್ತು. ಬಿಚ್ಚಿ ನೋಡುವ ಹೊತ್ತಿಗೆ ಮತ್ತೆ ಸರಿ! ಎರಡು ವಾರ ಬೋಲ್ಟುಗಳನ್ನು ಬಿಗಿದದ್ದೇ ಬಿಗಿದದ್ದು.

"ಲೆಕ್ಕ ಹಾಕಿದ್ಯಾ?" ಅಂದರು ಮೇಷ್ಟ್ರು. ಹಾಕಿರಲಿಲ್ಲ. ಕೋಣೆಯ ಬಿಸಿಯಿಂದ ನೈಟ್ರೋಜನ್ನಿನ ತಂಪಿಗೆ ಇಳಿದಾಗ ಸ್ಟೀಲ್ ಶೇಕಡಾ 0.3ರಷ್ಟು ಕುಗ್ಗುತ್ತೆ, ಅಲ್ಯೂಮಿನಿಯಂ 0.4ರಷ್ಟು. ಟೆಫ್ಲಾನ್ ಹೆಚ್ಚುಕಮ್ಮಿ ಶೇಕಡಾ 2. ನನ್ನ ಬಳೆ ಬೋಲ್ಟುಗಳಿಗಿಂತ 0.05 ಮಿಲಿಮೀಟರ್ ಜಾಸ್ತಿ ತೆಳುವಾಗುತ್ತಿತ್ತು. ಒಂದು ಕೂದಲೆಳೆಯಷ್ಟು. ನೈಟ್ರೋಜನ್ ನುಸುಳಲು ಅಷ್ಟು ಧಾರಾಳವಾಗಿ ಸಾಕು.

ಬಳೆ ತೆಗೆದು ಇಂಡಿಯಂ ತಂತಿ ಕೂರಿಸಿದೆವು. ಉಗುರಲ್ಲಿ ಗೀರಬಹುದಾದಷ್ಟು ಮೆತ್ತಗಿನ ಲೋಹ. ಅಷ್ಟು ಚಳಿಯಲ್ಲೂ ಗಡುಸಾಗಿ ಒಡೆಯಲ್ಲ. ಕುಗ್ಗಿದರೂ ಬಿಗಿ ಸಡಿಲವಾಗದಿರಲಿ ಅಂತ ಬೋಲ್ಟುಗಳ ಕೆಳಗೆ ಸ್ಪ್ರಿಂಗ್ ವಾಷರ್ ಹಾಕಿದೆವು. ಗೋಡೆ ಬೆವರುವುದು ನಿಂತಿತು.

2014ರ ಜನವರಿ 5ರಂದು ಇಸ್ರೋದ ಜಿಎಸ್‌ಎಲ್‌ವಿ-ಡಿ5 ರಾಕೆಟ್ ನಮ್ಮದೇ ಕ್ರಯೋಜೆನಿಕ್ (ತೀರಾ ತಣ್ಣನೆಯ ದ್ರವ ಇಂಧನದ) ಎಂಜಿನ್ನಿನಲ್ಲಿ ಹಾರಿದಾಗ ಮನೆಯವರೆಲ್ಲ ಟಿವಿ ಮುಂದೆ ಚಪ್ಪಾಳೆ ತಟ್ಟಿದರು. ನನಗೆ ಮೈನಸ್ 253ರ ಹೈಡ್ರೋಜನ್ ಹಿಡಿದಿಟ್ಟ ಸೀಲುಗಳದ್ದೇ ಯೋಚನೆ.

ಹೋದ ವರ್ಷ ಕಾಲೇಜಿಗೆ ಬಂದಿದ್ದೆ. ಆ ಟೆಫ್ಲಾನ್ ಬಳೆ ಲ್ಯಾಬಿನ ಕಿಟಕಿಯ ಮೊಳೆಗೆ ಇನ್ನೂ ನೇತಾಡುತ್ತಿತ್ತು. ಮೈಕ್ರೋಮೀಟರಿನಲ್ಲಿ ಹಿಡಿದು ನೋಡಿದೆ. ಬೋಲ್ಟುಗಳಿದ್ದ ಜಾಗದ ಪಕ್ಕದಲ್ಲೆಲ್ಲ ತೆಳ್ಳಗಾಗಿದೆ. ಅಷ್ಟು ಬಿಗಿದಿದ್ದೆ ನಾನು.